ಹಳೆಯ ಕಾರು ಮತ್ತು ಮಾರುವವನ ಮೌನ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶ ಸ್ವಾಮಿಯ ಕಾರಣಿಕ ನಡೆಯುವುದು ಆಯುಧಪೂಜೆಯ ದಿನ. ಉಪವಾಸ ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ನೆರೆದ ಸಾವಿರಾರು ಜನರ ಗದ್ದಲ ಅಡಗುತ್ತದೆ. ಆಮೇಲೆ ಒಂದೇ ಒಂದು ವಾಕ್ಯ. ಮಳೆ ಬೆಳೆ ಹೇಗೆ, ಸರ್ಕಾರ ಉಳಿಯುವುದೋ ಉರುಳುವುದೋ ಎಂದು ಆ ಒಂದು ವಾಕ್ಯಕ್ಕೆ ಜನ ವರ್ಷವಿಡೀ ಅರ್ಥ ಹಚ್ಚುತ್ತಾರೆ.

ಅದೇ ದಿನ ಆ ಸೀಮೆಯ ಊರೂರಿನಲ್ಲೂ ವಾಹನಗಳ ಪೂಜೆ. ಒಂದು ಕಾಲಕ್ಕೆ ಚಕ್ಕಡಿಗೆ, ಆಮೇಲೆ ಟ್ರ್ಯಾಕ್ಟರಿಗೆ ಸಲ್ಲುತ್ತಿದ್ದ ಚೆಂಡುಹೂವಿನ ಹಾರ, ಬಾಳೆಯ ಕಂದು, ಬೂದುಗುಂಬಳ ಇವೆಲ್ಲ ಈಗ ಕಾರಿಗೂ ಸಲ್ಲುತ್ತಿವೆ. ನಂಬರ್ ಪ್ಲೇಟುಗಳನ್ನು ಓದುತ್ತ ಹೋಗುವ ಚಟ ನನಗೆ ಮೊದಲಿನಿಂದಲೂ ಇದೆ. ಹಾವೇರಿಯ ಕೆಎ-27 ಇರುವುದು ಸಹಜ. ಆದರೆ ಅದರ ನಡುವೆ ಕೆಎ-01, ಕೆಎ-03, ಕೆಎ-05 ಎಂಬ ಬೆಂಗಳೂರಿನ ಸಂಖ್ಯೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಆಗೀಗ ಮಹಾರಾಷ್ಟ್ರದ್ದೂ ಒಂದು, ದೆಹಲಿಯದೂ ಒಂದು. ಬೆಂಗಳೂರಿನ ಉದ್ಯೋಗಿ ಐದಾರು ವರ್ಷ ಓಡಿಸಿ ಕೈಬಿಟ್ಟ ಕಾರು ಸುಮಾರು 300 ಕಿಲೊಮೀಟರ್ ಹೆದ್ದಾರಿಯಲ್ಲಿ ಬಂದು ಇಲ್ಲಿ ಹೊಸ ಸಂಸಾರ ಹೂಡುತ್ತದೆ. ಮನೆಯವರ ಪಾಲಿಗೆ ಅದು ಹಳೆಯ ಕಾರಲ್ಲ, ಮನೆಗೆ ಬಂದ ಮೊದಲ ಕಾರು. ಪೂಜೆಯಲ್ಲಿ ಯಾವ ಕಡಿಮೆಯೂ ಇರುವುದಿಲ್ಲ. ನಾಲ್ಕೂ ಚಕ್ರಗಳಡಿ ನಿಂಬೆಹಣ್ಣಿಟ್ಟು ಗಾಡಿಯನ್ನು ಮುಂದಕ್ಕೆ ಬಿಡುತ್ತಾರೆ.

ನಿಂಬೆಹಣ್ಣಿಗೂ ಹಳೆಯ ಕಾರಿಗೂ ಇನ್ನೊಂದು ನಂಟಿದೆ. ಅಮೆರಿಕದ ಆಡುಮಾತಿನಲ್ಲಿ ‘ನಿಂಬೆಹಣ್ಣು’ ಎಂದರೆ ಮೇಲೆ ಥಳಕು, ಒಳಗೆ ಹುಳುಕು ಇರುವ ಕಾರು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ‘ನಿಂಬೆಹಣ್ಣುಗಳ ಮಾರುಕಟ್ಟೆ’ ಎಂಬ ಹೆಸರಿನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದಕ್ಕೆ ಮೊದಲು ಮೂರು ನಿಯತಕಾಲಿಕಗಳು ಅದನ್ನು ತಿರಸ್ಕರಿಸಿದ್ದವು. 2001ರಲ್ಲಿ ಅವರಿಗೆ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಜೊತೆ ನೊಬೆಲ್ ಬಂದಾಗ ಆ ಪ್ರಬಂಧದ ಹೆಸರೇ ಮುಂದೆ ಬಂತು. ವಾದ ಸರಳವಾದುದು. ಕಾರಿನ ನಿಜ ಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದಕ್ಕೂ ನಡುವಿನದೊಂದು ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ. ಸಂತೆಯಲ್ಲಿ ಉಳಿಯುವುದು ಹುಳುಕಿನದ್ದೇ. ಬೆಲೆ ಇನ್ನಷ್ಟು ಇಳಿಯುತ್ತದೆ. ಸುಳ್ಳು ಹೇಳುವವನಿಂದ ಕೆಡುವುದು ಕೊಂಡವನ ಹಣ ಮಾತ್ರವಲ್ಲ, ನಿಜ ಹೇಳುವ ಮಾರಾಟಗಾರನ ಸರಕೂ ಬೆಲೆ ಕಳೆದುಕೊಳ್ಳುತ್ತದೆ ಎಂಬುದು ಅದರ ತಿರುಳು.

ಹಾವೇರಿ ಸೀಮೆಯ ರೈತನಿಗೆ ಇದನ್ನು ಯಾವ ಪ್ರಾಧ್ಯಾಪಕರೂ ಹೇಳಿಕೊಡಬೇಕಾಗಿಲ್ಲ. ಜಾನುವಾರು ಸಂತೆಯಲ್ಲಿ ಎತ್ತು ಕೊಳ್ಳುವವನು ಮೊದಲು ಬಾಯಿ ಬಿಡಿಸುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದರೆ ಬಾಯಿಗೂಡಿದ ಎತ್ತು. ಆಮೇಲೆ ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಸಾಧ್ಯವಾದರೆ ನೊಗಕ್ಕೆ ಹೂಡಿ ನೋಡುತ್ತಾನೆ. ಮಾರುವವನು ಕೋಡು ಹೆರೆದು ಎಣ್ಣೆ ಸವರಿ ತಂದಿದ್ದರೂ ಹಲ್ಲು ವಯಸ್ಸನ್ನು ಮುಚ್ಚಿಡುವುದಿಲ್ಲ. ಪರೀಕ್ಷೆ ಕಠಿಣವಾದುದರಿಂದಲೇ ವ್ಯವಹಾರ ಸಾಧ್ಯವಾಯಿತು ಎನ್ನಬೇಕು. ಇದೇ ಮನುಷ್ಯ ಹಳೆಯ ಕಾರಿನ ಮುಂದೆ ನಿಂತಾಗ ಮಾತ್ರ ಕೈಕಟ್ಟಿ ನಿಲ್ಲುತ್ತಾನೆ. ಅಲ್ಲಿ ಅವನಿಗೆ ಸಿಗುವುದೂ ಒಂದೇ ವಾಕ್ಯ: ‘ಸಿಂಗಲ್ ಓನರ್, ಡಾಕ್ಟರು ಓಡಿಸಿದ ಗಾಡಿ, ಎಲ್ಲ ಶೋರೂಂ ಸರ್ವೀಸು.’ ರಾಜ್ಯದ ವೈದ್ಯರೆಲ್ಲ ಇಷ್ಟೊಂದು ಕಾರು ಮಾರುತ್ತಿದ್ದರೆ ಅವರು ರೋಗಿಗಳನ್ನು ನೋಡುವುದು ಯಾವಾಗಲೋ!

ಕಾರಿನ ಹಲ್ಲು ಎಂದರೆ ಓಡಿದ ಕಿಲೊಮೀಟರು. ಆ ಹಲ್ಲು ಈಗ ಸುಳ್ಳು ಹೇಳುತ್ತದೆ. ಮುಳ್ಳುಚಕ್ರದ ಮೀಟರನ್ನು ಹಿಂದಕ್ಕೆ ತಿರುಗಿಸಲು ಒಂದಿಷ್ಟಾದರೂ ಶ್ರಮ ಬೇಕಿತ್ತು; ಅಂಕೆ ತೋರಿಸುವ ಎಲೆಕ್ಟ್ರಾನಿಕ್ ಮೀಟರಿಗೆ ಒಂದು ಲ್ಯಾಪ್‌ಟಾಪ್, ಒಂದು ವೈರು ಸಾಕು. ಹಾಗೆಂದು ನೋಡುವ ಕಣ್ಣಿಗೆ ಏನೂ ಸಿಗುವುದಿಲ್ಲ ಎಂದಲ್ಲ. ಮೂವತ್ತು ಸಾವಿರ ತೋರಿಸುವ ಕಾರಿನ ಬ್ರೇಕ್ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ, ಸ್ಟೀರಿಂಗಿನ ತೊಗಲು ಹೊಳೆಯುತ್ತಿದ್ದರೆ, ಚಾಲಕನ ಸೀಟಿನ ಅಂಚು ಕುಸಿದಿದ್ದರೆ ಆ ಮೂವತ್ತು ಸಾವಿರವನ್ನು ನಂಬಬೇಕಾಗಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. 3521 ಎಂದಿದ್ದರೆ ಅದು 2021ರ 35ನೇ ವಾರ ತಯಾರಾದದ್ದು. ಕಡಿಮೆ ಓಡಿದೆ ಎನ್ನುವ ಕಾರಿಗೆ ನಾಲ್ಕೂ ಟೈರು ಏಕೆ ಬದಲಾದವು ಎಂದು ಕೇಳುವುದು ತಪ್ಪಲ್ಲ. ಅಧಿಕೃತ ಸೇವಾಕೇಂದ್ರದಲ್ಲಿ ಒಡೆಯನನ್ನು ಜೊತೆಗಿಟ್ಟುಕೊಂಡು ಸರ್ವೀಸಿನ ಇತಿಹಾಸ ಕೇಳಿದರೆ, ಪ್ರತಿ ಸಲವೂ ಬರೆದಿಟ್ಟ ಕಿಲೊಮೀಟರು ಅಲ್ಲಿ ದೊರೆಯುತ್ತದೆ. ಈ ಒಂದು ಕೆಲಸವನ್ನು ಮಾಡದೆ ಯಾರೂ ಮುಂಗಡ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಂಜಿನನ್ನು ತಣ್ಣಗಿರುವಾಗಲೇ ನೋಡಬೇಕು. ‘ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದೇನೆ’ ಎಂಬುದು ಸೌಜನ್ಯದ ಮಾತಲ್ಲ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಬರುವ ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಗುರುತು. ಎಣ್ಣೆಯ ಮುಚ್ಚಳದ ಒಳಗೆ ಹಾಲಿನ ಕೆನೆಯಂತಹ ಲೇಪವಿದ್ದರೆ ಎಣ್ಣೆಯಲ್ಲಿ ನೀರು ಬೆರೆಯುತ್ತಿರಬಹುದು. ಬಾನೆಟ್ಟು, ಬಾಗಿಲುಗಳ ಬೋಲ್ಟಿನ ಮೇಲಿನ ಬಣ್ಣ ಕಿತ್ತಿದ್ದರೆ ಅವನ್ನು ಎಂದೋ ಬಿಚ್ಚಿದ್ದಾರೆ. ಬಾಗಿಲಿನ ರಬ್ಬರನ್ನು ಎಳೆದು ಒಳಗಿನ ಬೆಸುಗೆಯ ಚುಕ್ಕಿಗಳನ್ನು ನೋಡಿದರೆ, ಕಾರ್ಖಾನೆಯ ಸಾಲಾದ ಚುಕ್ಕಿಗಳಿಗೂ ಗ್ಯಾರೇಜಿನ ಬೆಸುಗೆಗೂ ಇರುವ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ.

ನೀರಿನ ವಿಷಯಕ್ಕೆ ಬಂದರೆ 2022ರ ಸೆಪ್ಟೆಂಬರ್ ಮಳೆಯನ್ನು ನೆನಪಿಸಿಕೊಳ್ಳಬೇಕು. ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿ ನಿಂತ ಚಿತ್ರಗಳನ್ನು ದೇಶವೇ ನೋಡಿತು. ಅದಕ್ಕೆ ಮೊದಲು 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿತ್ತು. ದುರಸ್ತಿಯ ವೆಚ್ಚ ವಿಮೆಯ ಘೋಷಿತ ಮೌಲ್ಯದ ಶೇ 75ನ್ನು ಮೀರಿದರೆ ವಿಮಾ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸಿ ಹಣ ಕೊಡುತ್ತದೆ. ಕಾರು ಅಲ್ಲಿಗೆ ಸಾಯುವುದಿಲ್ಲ. ಅವಶೇಷವಾಗಿ ಹರಾಜಾಗಿ, ತೊಳೆದು, ಒಣಗಿಸಿ, ಮತ್ತೆ ರಸ್ತೆಗೆ ಬರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಕೆಸರಿನ ಗೆರೆ ಕಂಡೀತು. ಕಾಲಡಿಯ ಹಾಸನ್ನು ಎತ್ತಿದರೆ ಮುಗ್ಗಲು ವಾಸನೆ ಬಂದೀತು, ಸೀಟಿನ ಕೆಳಗಿನ ಕಂಬಿಗೆ ತುಕ್ಕು ಹಿಡಿದಿರುವುದು ಕಂಡೀತು. ಕಾರಿನೊಳಗೆ ವಿಪರೀತ ಸುಗಂಧ ತುಂಬಿದ್ದರೆ ನನಗಂತೂ ಅನುಮಾನ.

ಕಾಗದಗಳಲ್ಲೂ ಓದುವುದಿದೆ. ನೋಂದಣಿ ಪತ್ರದಲ್ಲಿ ಒಡೆತನದ ಕ್ರಮಸಂಖ್ಯೆ ಇರುತ್ತದೆ, ‘ಸಿಂಗಲ್ ಓನರ್’ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಸಾಲದ ಅಡಮಾನ ನಮೂದಾಗಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಇಲ್ಲದೆ ಮುಂದುವರಿಯಬಾರದು. ಚಾಸಿ ಸಂಖ್ಯೆಯನ್ನು ಕಾಗದದಲ್ಲಿ ಮಾತ್ರವಲ್ಲ, ಲೋಹದ ಮೇಲೂ ಓದಬೇಕು. ಹೆಚ್ಚಿನವರು ಗಮನಿಸದ ಒಂದು ಸುಳಿವು ವಿಮೆಯ ಪಾಲಿಸಿಯಲ್ಲಿದೆ. ಪರಿಹಾರ ಕೇಳದ ಪ್ರತಿ ವರ್ಷಕ್ಕೂ ಒಡೆಯನಿಗೆ ರಿಯಾಯಿತಿ ಏರುತ್ತ ಹೋಗುತ್ತದೆ: ಶೇ 20, 25, 35, 45, ಕೊನೆಗೆ 50. ಐದಾರು ವರ್ಷ ಒಬ್ಬನೇ ಓಡಿಸಿದ ಕಾರಿಗೆ ‘ಒಂದು ಗೀರೂ ಬಿದ್ದಿಲ್ಲ’ ಎನ್ನುವವನ ಪಾಲಿಸಿಯಲ್ಲಿ ಈ ರಿಯಾಯಿತಿ ಸೊನ್ನೆಯಿದ್ದರೆ ಕಾರಣ ಕೇಳಬೇಕು. ಹೊರರಾಜ್ಯದ ಕಾರಾದರೆ ಹನ್ನೆರಡು ತಿಂಗಳ ನಂತರವೂ ಇಲ್ಲಿಯೇ ಇಟ್ಟುಕೊಳ್ಳಲು ಮರುನೋಂದಣಿ ಆಗಲೇಬೇಕು, ಇಲ್ಲಿನ ಆಜೀವ ತೆರಿಗೆಯನ್ನೂ ಕಟ್ಟಬೇಕು. 10 ವರ್ಷ ಮೀರಿದ ಡೀಸೆಲ್ ಕಾರುಗಳ ಮೇಲೆ ದೆಹಲಿಯಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ನಿರ್ಬಂಧ ಹಾಕಿದ ಮೇಲೆ ಅಲ್ಲಿಂದ ಅಗ್ಗವಾಗಿ ಹರಿದುಬಂದ ಕಾರುಗಳನ್ನು ಕೊಂಡವರಲ್ಲಿ ಅನೇಕರು ಈ ಲೆಕ್ಕವನ್ನು ಆಮೇಲೆ ಹಾಕಿದರು.

ಇಷ್ಟೆಲ್ಲ ನೋಡಿದರೂ ಸಾಲದು ಎಂಬುದು ನನಗೆ ಮನದಟ್ಟಾದದ್ದು ಹತ್ತಿರದ ಸಂಬಂಧಿಯೊಬ್ಬರ ಪ್ರಕರಣದಿಂದ. ದೇವರಗುಡ್ಡದ ಸಮೀಪದ ಊರಿನವರು, ಸಣ್ಣ ಪ್ರಮಾಣದ ಬೀಜದ ವ್ಯಾಪಾರಿ, ಲೆಕ್ಕದ ಮನುಷ್ಯ. ಬೆಂಗಳೂರಿನಲ್ಲಿ ಖಾಸಗಿ ವ್ಯಕ್ತಿಯಿಂದ ಕಾರು ಕೊಳ್ಳುವಾಗ ಪರಿಚಿತ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿದ್ದರು. ಎಂಜಿನು ಚೆನ್ನಾಗಿತ್ತು, ಕಾಗದ ಸರಿಯಿದ್ದವು, ಓಡಿಸಿ ನೋಡಿದರು. ಎಂಟು ತಿಂಗಳ ನಂತರ ಹಾರ್ನ್ ಕೆಟ್ಟಿತೆಂದು ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ಸ್ಟೀರಿಂಗ್ ಬಿಚ್ಚಿದಾಗ ಏರ್‌ಬ್ಯಾಗ್ ಇರಬೇಕಾದ ಜಾಗ ಬರಿದಾಗಿತ್ತು. ಹಿಂದೆಂದೋ ಅಪಘಾತದಲ್ಲಿ ಅದು ಬಿಚ್ಚಿಕೊಂಡಿದೆ. ಹೊಸದು ಹಾಕಿಸುವುದು ದುಬಾರಿಯೆಂದು ಮೇಲೆ ಮುಚ್ಚಳ ಅಂಟಿಸಿ, ಒಳಗೆ ಕೆಲವೇ ರೂಪಾಯಿಯ ರೆಸಿಸ್ಟರ್ ಒಂದನ್ನು ಜೋಡಿಸಿದ್ದಾರೆ. ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪ ಅದರಿಂದಾಗಿ ಎಲ್ಲ ಸರಿಯಿದ್ದಂತೆ ಹತ್ತಿ ಆರುತ್ತಿತ್ತು. ಎಂಟು ತಿಂಗಳು ಆ ಕಾರು ರಾಷ್ಟ್ರೀಯ ಹೆದ್ದಾರಿಯಲ್ಲಿ ದಾವಣಗೆರೆಗೂ ಹುಬ್ಬಳ್ಳಿಗೂ ಸಂಸಾರವನ್ನು ಹೊತ್ತು ಓಡಾಡಿತ್ತು. ಯಾವ ಮೆಕ್ಯಾನಿಕ್ಕಿನ ಕಣ್ಣೂ ಇದನ್ನು ಹೊರಗಿನಿಂದ ಕಾಣಲಾರದು.

ಕಾನೂನು ಏನು ಹೇಳುತ್ತದೆ? 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ಕೆಳಗೆ ಒಂದು ಕುದುರೆಯ ಉದಾಹರಣೆಯಿದೆ. ಕುದುರೆ ಊನವುಳ್ಳದ್ದೆಂದು ತಿಳಿದಿದ್ದೂ ಒಡೆಯನು ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವನು ‘ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ’ ಎಂದು ಕೇಳಿ, ಒಡೆಯನು ಆಗಲೂ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ನೂರೈವತ್ತು ವರ್ಷ ದಾಟಿದ ಈ ಕುದುರೆ ಇಂದಿಗೂ ಬದುಕಿದೆ. ಕೇಳದಿದ್ದರೆ ಹೇಳಬೇಕಾಗಿಲ್ಲ ಎಂಬುದು ಅದರ ಅರ್ಥ. ದೋಷವನ್ನು ಬೇಕೆಂದೇ ಮುಚ್ಚಿಟ್ಟಿದ್ದರೆ ಅದು ವಂಚನೆಯೇ. ಆದರೆ ರೆಸಿಸ್ಟರ್ ಜೋಡಿಸಿದವರು ಯಾರು, ಮಾರಿದವನಿಗೆ ಗೊತ್ತಿತ್ತೇ, ಅಥವಾ ಅವನೂ ಹಾಗೆಯೇ ಕೊಂಡವನೇ ಎಂಬುದನ್ನು ಕೊಂಡವನು ಸಾಬೀತುಪಡಿಸಬೇಕು. 1930ರ ಸರಕು ಮಾರಾಟ ಕಾಯ್ದೆಯು ಗುಣಮಟ್ಟದ ತಾನೇತಾನಾದ ಖಾತರಿಯನ್ನು ಆ ಬಗೆಯ ಸರಕಿನ ವ್ಯಾಪಾರಿಯ ಮೇಲೆ ಹೊರಿಸುತ್ತದೆಯೇ ಹೊರತು ತನ್ನ ಸ್ವಂತ ಕಾರನ್ನು ಮಾರುವ ಖಾಸಗಿ ವ್ಯಕ್ತಿಯ ಮೇಲಲ್ಲ. ವ್ಯಾಪಾರಿಯಿಂದಲೇ ಕೊಂಡರೂ, ನೀವು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆ ಖಾತರಿ ಇಲ್ಲ.

ಸರ್ಕಾರದ ಕಣ್ಣು ಇಲ್ಲಿ ಬೀಳುವುದೇ ಇಲ್ಲವೇ? ಆಟೊ, ಟ್ಯಾಕ್ಸಿಗಳಂಥ ಸಾರಿಗೆ ವಾಹನಗಳಿಗೆ ನಿಗದಿತ ಅವಧಿಯಲ್ಲಿ ಅರ್ಹತಾ ಪರೀಕ್ಷೆ ಇದೆ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಸ್ಸು. ಅಷ್ಟು ಕಾಲ ಅದು ಮೂರು ಕೈ ಬದಲಾದರೂ ಹೊಗೆಯ ತಪಾಸಣೆ ಬಿಟ್ಟರೆ ಅದರ ದೇಹಸ್ಥಿತಿಯನ್ನು ಯಾರೂ ಕೇಳುವುದಿಲ್ಲ. ಒಡೆತನ ವರ್ಗಾವಣೆಗೆ ಮಾರುವವನು ಫಾರಂ 29ಕ್ಕೆ, ಮಾರುವವನೂ ಕೊಳ್ಳುವವನೂ ಸೇರಿ ಫಾರಂ 30ಕ್ಕೆ ಸಹಿ ಹಾಕುತ್ತಾರೆ. ಹೆಸರು, ವಿಳಾಸ, ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಎಲ್ಲಕ್ಕೂ ಜಾಗವಿದೆ. ಎಷ್ಟು ಕಿಲೊಮೀಟರ್ ಓಡಿದೆ ಎಂಬುದಕ್ಕೆ ಇಲ್ಲ.

ವರ್ಗಾವಣೆಯನ್ನೇ ಮಾಡಿಸದವರ ಕಥೆ ಬೇರೆ. ರಾಜ್ಯದೊಳಗೆ ಮಾರಿದ 14 ದಿನಗಳೊಳಗೆ ಒಡೆಯನು ತಿಳಿಸಬೇಕು, ಕೊಂಡವನು 30 ದಿನಗಳೊಳಗೆ. ಹಣ ಬಂತು, ಕಾರು ಹೋಯಿತು ಎಂದು ಕೈತೊಳೆದುಕೊಂಡವರಿಗೆ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಆ ಕಾರು ಹಲವು ಕೈ ದಾಟಿತ್ತು. ಅಪಘಾತದ ದಿನ ದಾಖಲೆಯಲ್ಲಿದ್ದದ್ದು ಮಾತ್ರ ಮೊದಲ ಮಾಲೀಕನ ಹೆಸರು. ಪರಿಹಾರದ ಹೊಣೆ ಅವನದೇ ಎಂದು ನ್ಯಾಯಾಲಯ ಹೇಳಿತು. ಮಾರಿದ ಕಾರು ನಮ್ಮ ಹೆಸರಿನಲ್ಲಿ ಎಲ್ಲೋ ಓಡುತ್ತಿದೆ ಎಂಬುದು ನಿವೃತ್ತರಾದವರಿಗೆ ನಿದ್ದೆಗೆಡಿಸಬೇಕಾದ ಸಂಗತಿ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹಳೆಯ ವಾಹನಗಳ ಡೀಲರುಗಳಿಗೆ ನಿಯಮ ರೂಪಿಸಿ, 2023ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಅಧಿಕೃತ ಡೀಲರನಿಗೆ ವಾಹನ ಒಪ್ಪಿಸಿ ದಾಖಲಿಸಿದರೆ ಅಲ್ಲಿಂದ ಮುಂದೆ ಅವನೇ ಒಡೆಯನೆಂದು ಪರಿಗಣಿತನಾಗುತ್ತಾನೆ. ಇದು ಒಳ್ಳೆಯ ಹೆಜ್ಜೆ. ಆದರೆ ಇದು ಕಾಯುವುದು ಮುಖ್ಯವಾಗಿ ಮಾರುವವನನ್ನು. ಕೊಳ್ಳುವವನ ಪ್ರಶ್ನೆ ಹಾಗೆಯೇ ಉಳಿದಿದೆ.

ನನ್ನ ಸಂಬಂಧಿಕರು ಈಗ ಆ ಕಾರನ್ನು ಮಾರಬೇಕೆಂದಿದ್ದಾರೆ. ಏರ್‌ಬ್ಯಾಗ್ ಇಲ್ಲವೆಂದು ಹೇಳಿದರೆ ಬೆಲೆ ಬೀಳುತ್ತದೆ. ಹೇಳದಿದ್ದರೆ, 1872ರ ಕುದುರೆಯ ಲೆಕ್ಕದಲ್ಲಿ, ಯಾರೂ ಕೇಳದವರೆಗೆ ಅವರು ಸುರಕ್ಷಿತ. ಅವರ ಮನೆಯಲ್ಲೇ ಇದರ ಬಗ್ಗೆ ಎರಡು ಅಭಿಪ್ರಾಯಗಳಿವೆ ಎಂದು ಕೇಳಿದ್ದೇನೆ. ಮೋಸಹೋದವನೇ ಮುಂದಿನ ಮೋಸದ ಕೊಂಡಿಯಾಗುವಂತೆ ಮಾಡುವ ಈ ಏರ್ಪಾಟಿನಲ್ಲಿ ಪ್ರಾಮಾಣಿಕತೆಗೆ ದಂಡ ಬೀಳುತ್ತದೆ. ಅಕರ್ಲಾಫ್ ಹೇಳಿದ್ದು ಇದನ್ನೇ.

ಆದ್ದರಿಂದ ಎಲ್ಲ ಕೊಳ್ಳುವವರ ಪರವಾಗಿ ಆ ಪ್ರಶ್ನೆಯನ್ನು ಸರ್ಕಾರವೇ ಕೇಳಬೇಕು. ಫಾರಂ 29ರಲ್ಲಿ ಮೂರು ಸಾಲು ಸೇರಿಸಿದರೆ ಸಾಕು: ಇಂದು ಮೀಟರು ತೋರಿಸುತ್ತಿರುವ ಕಿಲೊಮೀಟರು ಎಷ್ಟು, ನನಗೆ ತಿಳಿದಂತೆ ಈ ವಾಹನ ನೀರಿನಲ್ಲಿ ಮುಳುಗಿದೆಯೇ ಅಥವಾ ಪೂರ್ಣ ನಷ್ಟವೆಂದು ಪರಿಗಣಿತವಾಗಿದೆಯೇ, ಏರ್‌ಬ್ಯಾಗುಗಳು ಇವೆಯೇ. ಕೆಳಗೆ ಮಾರುವವನ ಸಹಿ. ಆಗ ಮೌನಕ್ಕೆ ಎಡೆಯಿರುವುದಿಲ್ಲ. ಪ್ರತಿ ವರ್ಗಾವಣೆಯಲ್ಲೂ ಕಿಲೊಮೀಟರು ದಾಖಲಾದರೆ ಎರಡನೆಯ ಮಾರಾಟದಲ್ಲಿ ಮೀಟರು ಹಿಂದಕ್ಕೆ ಓಡಲಾರದು. ಅಮೆರಿಕ 1972ರಲ್ಲೇ ಮೀಟರು ತಿದ್ದುವುದನ್ನು ಕೇಂದ್ರೀಯ ಕಾನೂನಿನಿಂದ ನಿಷೇಧಿಸಿತು. 1985ರಿಂದ ಅಲ್ಲಿನ ಡೀಲರು ಖಾತರಿ ಇದೆಯೋ ಇಲ್ಲವೋ ಎಂಬುದನ್ನು ಕಾರಿನ ಗಾಜಿಗೆ ಹಾಳೆ ಅಂಟಿಸಿ ತಿಳಿಸಬೇಕು.

ಇನ್ನೊಂದು ಫಾರಂ, ಇನ್ನೊಬ್ಬ ದಲ್ಲಾಳಿ ಎಂದು ಓದುಗರು ಗೊಣಗಬಹುದು. ಆರ್‌ಟಿಒ ಕಚೇರಿಯ ಮುಂದಿನ ಅಂಗಡಿಗಳನ್ನು ಕಂಡವರಿಗೆ ಆ ಗೊಣಗಾಟ ಅರ್ಥವಾಗುತ್ತದೆ. ಆದರೆ ಇಲ್ಲಿ ಹೊಸ ಫಾರಂ ಬೇಕಿಲ್ಲ, ಹೊಸ ತಪಾಸಣಾಧಿಕಾರಿಯೂ ಬೇಕಿಲ್ಲ. ಇರುವ ಫಾರಂನಲ್ಲಿ ಸಾಲುಗಳು ಹೆಚ್ಚುತ್ತವೆ, ಅಷ್ಟೆ. ವಿಮಾ ಪರಿಹಾರಗಳ ವಿವರ ಕಂಪನಿಗಳ ಕಡತಗಳಲ್ಲೂ ವಿಮಾ ಮಾಹಿತಿ ಬ್ಯೂರೊದಲ್ಲೂ ಸೇರುತ್ತದೆ. ಅದರಲ್ಲಿ ‘ಪೂರ್ಣ ನಷ್ಟ’ ಎಂಬ ಒಂದು ಗುರುತನ್ನು ‘ವಾಹನ್’ ದಾಖಲೆಗೆ ಜೋಡಿಸಿದರೆ, ನೋಂದಣಿ ಸಂಖ್ಯೆ ಒತ್ತಿದ ಯಾರಿಗಾದರೂ ಕಾಣುತ್ತದೆ.

ಅಲ್ಲಿಯವರೆಗೆ ಕೊಳ್ಳುವವರು ಈ ಮೂರು ಸಾಲನ್ನು ತಾವೇ ಬಿಳಿ ಹಾಳೆಯಲ್ಲಿ ಬರೆದು, ಮುಂಗಡ ಕೊಡುವ ಮೊದಲೇ ಮಾರುವವರ ಸಹಿ ಕೇಳಬಹುದು. ಸಹಿಗೆ ಹಿಂಜರಿಯುವವರಿಂದ ಕೊಳ್ಳಬೇಕಾಗಿಲ್ಲ. ಫಾರಂ 29 ಇರುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ. ಅದನ್ನು ತಿದ್ದಲು ಸಂಸತ್ತಿನಲ್ಲಿ ಮಸೂದೆ ಮಂಡಿಸಬೇಕಾಗಿಲ್ಲ. ಡೀಲರುಗಳ ನಿಯಮವನ್ನು ಸಚಿವಾಲಯ 2022ರಲ್ಲಿ ಗೆಜೆಟ್ ಅಧಿಸೂಚನೆಯಿಂದಲೇ ಮಾಡಿತು. ಇದನ್ನೂ ಹಾಗೆಯೇ ಮಾಡಬಹುದು.